ದೊಡ್ಡ ರೆಪೊ, ಸಣ್ಣ ಲೈನು: ಭಾರೀ ಗಿಟ್ ರೆಪೊಸಿಟರಿಗಳನ್ನು ದಾವಣಗೆರೆಯಲ್ಲಿ ಕೂತು ನಿಭಾಯಿಸುವ ಬಗೆ

ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುವವರು ಈಗ ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಅಪರೂಪವೇನಲ್ಲ. ಕೆಲಸಕ್ಕೆ ಸೇರಿದ ದಿನವೇ ಒಂದು ಲಿಂಕ್ ಬರುತ್ತದೆ: "ರೆಪೊ ಕ್ಲೋನ್ ಮಾಡ್ಕೊಂಡಿರಿ, ಮಧ್ಯಾಹ್ನ ಕೂರೋಣ." ರೆಪೊ ಎಂದರೆ ಗಿಟ್ ಎಂಬ ಸಾಧನ ಕೋಡನ್ನೂ ಅದರ ಬದಲಾವಣೆಗಳ ಇತಿಹಾಸವನ್ನೂ ಕಾಪಿಡುವ ಕಣಜ, ಕ್ಲೋನ್ ಎಂದರೆ ಅದರ ಪ್ರತಿಯನ್ನು ನಿಮ್ಮ ಯಂತ್ರಕ್ಕೆ ಇಳಿಸಿಕೊಳ್ಳುವುದು. ಆ ರೆಪೊ 10 ಜಿಬಿ ಇದ್ದರೆ? 40 ಎಂಬಿಪಿಎಸ್ ಲೈನು ಪೂರ್ತಿ ವೇಗ ಕೊಟ್ಟರೂ ಅರ್ಧ ಗಂಟೆ ಮೀರುತ್ತದೆ. ಮುಕ್ಕಾಲು ಪಾಲು ಬಂದಾಗ ಕರೆಂಟ್ ಹೋಗಿ ರೂಟರ್ ಆರಿತು ಅನ್ನಿ, ಗಿಟ್ ಕ್ಲೋನ್ ಅಲ್ಲಿಂದ ಮುಂದುವರಿಯುವುದಿಲ್ಲ. ಅದಕ್ಕೆ ರೆಸ್ಯೂಮ್ ಎಂಬುದೇ ಇಲ್ಲ. ಬಂದದ್ದೆಲ್ಲ ಹೋಯಿತು, ಮೊದಲಿನಿಂದ ಶುರು.

ಇಂಥ ಹೊತ್ತಿನಲ್ಲಿ ಇಂಟರ್ನೆಟ್ ಪ್ಲಾನ್ ಬದಲಿಸುವ, ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮಾತು ಮೊದಲು ಬರುತ್ತದೆ. ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ: ಈ ರೆಪೊ ಯಾವ ರೀತಿಯಲ್ಲಿ ದೊಡ್ಡದು? ಹಳೆಯ ಇತಿಹಾಸ ಉದ್ದವಾಗಿರಬಹುದು. ಈಗಿನ ಫೈಲುಗಳ ಸಂಖ್ಯೆಯೇ ಲಕ್ಷ ದಾಟಿರಬಹುದು. ಒಂದಷ್ಟು ಫೋಟೊ, ವಿಡಿಯೊ, ಜಿಪ್ ಫೈಲುಗಳು ಇತಿಹಾಸದಲ್ಲಿ ಕೂತಿರಬಹುದು. ಯಾರೂ ಅಳಿಸದ ಸಾವಿರಾರು ಬ್ರಾಂಚ್‌ಗಳೂ (ಕೋಡಿನ ಕವಲುಗಳು) ಇರಬಹುದು. ನಾಲ್ಕಕ್ಕೂ ಉಪಾಯ ಬೇರೆ ಬೇರೆ. ಒಂದರ ಉಪಾಯವನ್ನು ಇನ್ನೊಂದಕ್ಕೆ ಹಚ್ಚಿದರೆ ಸಮಯ ವ್ಯರ್ಥ, ಅಷ್ಟೇ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಮೊದಲು ನಿಮ್ಮ ಗಿಟ್ ಆವೃತ್ತಿ ನೋಡಿಕೊಳ್ಳಿ. ಕೆಳಗಿನ ಬಹುಪಾಲು ಸೌಲಭ್ಯಗಳು 2018ರ ಈಚೆಗೆ ಬಂದವು. ಕಾಲೇಜು ಲ್ಯಾಬಿನ ಹಳೆಯ ಉಬುಂಟುವಿನಲ್ಲಿ ಕೆಲವು ಸಿಗದೇ ಇರಬಹುದು.

ಮೊದಲು ಅಳತೆ

ರೆಪೊ ಈಗಾಗಲೇ ನಿಮ್ಮ ಬಳಿ ಇದ್ದರೆ ಅದರೊಳಗೆ ಹೋಗಿ ಇದನ್ನು ಕೊಡಿ:

ಗಿಟ್ ಕೌಂಟ್-ಆಬ್ಜೆಕ್ಟ್ಸ್ -ವಿಎಚ್

ಇದರಲ್ಲಿ ವಿ ಸಣ್ಣಕ್ಷರ, ಎಚ್ ದೊಡ್ಡಕ್ಷರ. ಬರುವ ಉತ್ತರದಲ್ಲಿ "ಸೈಜ್-ಪ್ಯಾಕ್" ಎಂಬ ಸಾಲು ಮುಖ್ಯ. ಇತಿಹಾಸವನ್ನೆಲ್ಲ ಕುಗ್ಗಿಸಿ ಕಟ್ಟಿಟ್ಟ ಮೇಲೆ ಎಷ್ಟು ಜಾಗ ಹಿಡಿದಿದೆ ಎಂದು ಅದು ಹೇಳುತ್ತದೆ. ಅದನ್ನು ನಿಮ್ಮ ಕಣ್ಣಿಗೆ ಕಾಣುವ ಫೈಲುಗಳ ಒಟ್ಟು ಗಾತ್ರದ ಜೊತೆ ಹೋಲಿಸಿ. ಕಾಣುವುದು 300 ಎಂಬಿ, ಪ್ಯಾಕ್ 8 ಜಿಬಿ ಇದ್ದರೆ ತೊಂದರೆ ಇತಿಹಾಸದಲ್ಲಿದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಇವತ್ತಿನ ಫೈಲುಗಳೇ ದಪ್ಪ.

ಇನ್ನೂ ಒಳಗೆ ನೋಡಲು ಎರಡು ಸಾಧನಗಳಿವೆ. ಗಿಟ್‌ಹಬ್‌ನವರ "ಗಿಟ್-ಸೈಜರ್" ಎಲ್ಲಿ ಮಿತಿ ಮೀರಿದೆಯೋ ಅಲ್ಲಿ ನಕ್ಷತ್ರ ಹಾಕಿ ತೋರಿಸುತ್ತದೆ. ಇನ್ನೊಂದು "ಗಿಟ್ ಫಿಲ್ಟರ್-ರೆಪೊ". ಇದು ಒಂದೇ ಒಂದು ಪೈಥಾನ್ ಫೈಲು, ಬೇರೆಯಾಗಿ ಹಾಕಿಕೊಳ್ಳಬೇಕು. ಅದಕ್ಕೆ --ಅನಲೈಜ್ ಎಂದು ಕೊಟ್ಟರೆ ಏನನ್ನೂ ಬದಲಿಸದೆ, .ಗಿಟ್ ಫೋಲ್ಡರಿನ ಒಳಗೆ ಒಂದು ವರದಿ ಬರೆದಿಡುತ್ತದೆ. ಯಾವ ಫೈಲು ಇತಿಹಾಸದುದ್ದಕ್ಕೂ ಎಷ್ಟು ಜಾಗ ತಿಂದಿದೆ, ಅಳಿಸಿಯೂ ಉಳಿದಿರುವವು ಯಾವುವು ಎಂದು ಅದರಲ್ಲಿ ಇರುತ್ತದೆ. ನನ್ನ ಮತ ಕೇಳಿದರೆ ಎರಡನೆಯದೇ ಸಾಕು. ಆ ಪಟ್ಟಿಯ ಮೊದಲ ಹತ್ತು ಸಾಲು ಓದಿದರೆ ಅರ್ಧ ಚರ್ಚೆ ಅಲ್ಲೇ ಮುಗಿಯುತ್ತದೆ.

ಅಭ್ಯಾಸಕ್ಕೆ ದೊಡ್ಡ ರೆಪೊ ಬೇಕಿದ್ದರೆ ಲಿನಕ್ಸ್ ಕರ್ನಲ್‌ನದ್ದೇ ಇದೆ. ಗಿಟ್ ಹುಟ್ಟಿದ್ದೇ 2005ರಲ್ಲಿ, ಆ ಕರ್ನಲ್‌ನ ಕೆಲಸಕ್ಕಾಗಿ, ಲಿನಸ್ ಟೊರ್ವಾಲ್ಡ್ಸ್ ಅವರ ಕೈಯಲ್ಲಿ. ಅದರಲ್ಲಿ ಈಗ 10 ಲಕ್ಷಕ್ಕೂ ಹೆಚ್ಚು ಕಮಿಟ್‌ಗಳು, ಅಂದರೆ ದಾಖಲಾದ ಬದಲಾವಣೆಗಳು, ಇವೆ. ಕೆಳಗಿನದೆಲ್ಲವನ್ನೂ ಕಂಪನಿಯ ರೆಪೊ ಮುಟ್ಟದೆ ಅದರ ಮೇಲೆ ಪ್ರಯೋಗಿಸಿ ನೋಡಬಹುದು.

ಬೇಕಾದಷ್ಟೇ ತರಿಸುವುದು

ಗಿಟ್ ಒಳಗೆ ಮುಖ್ಯವಾಗಿ ಮೂರು ಥರದ ವಸ್ತುಗಳಿರುತ್ತವೆ. ಫೈಲಿನ ಒಡಲು "ಬ್ಲಾಬ್". ಯಾವ ಫೋಲ್ಡರಿನಲ್ಲಿ ಯಾವ ಫೈಲಿದೆ ಎಂಬ ಪಟ್ಟಿ "ಟ್ರೀ". ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬುದು "ಕಮಿಟ್". ಬಹುಪಾಲು ತೂಕ ಇರುವುದು ಬ್ಲಾಬ್‌ಗಳಲ್ಲಿ. ಐದು ವರ್ಷದ ಹಿಂದಿನ ಒಂದು ಫೈಲಿನ ಹಳೆಯ ರೂಪಗಳೆಲ್ಲ ನಿಮ್ಮ ಲ್ಯಾಪ್‌ಟಾಪಿಗೆ ಇವತ್ತೇ ಬರಬೇಕಾದ ಅಗತ್ಯವಿಲ್ಲ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ರಾಶಿಯಿಂದ ಒಂದು ಹಿಡಿ ಕೈಗೆತ್ತಿಕೊಂಡು ನೋಡುತ್ತಾರೆಯೇ ಹೊರತು ಯಾರೂ ರಾಶಿಯನ್ನೇ ಮನೆಗೆ ಹೊತ್ತು ತಂದು ಪರೀಕ್ಷಿಸುವುದಿಲ್ಲ. ಇಲ್ಲೂ ಹಾಗೇ ಮಾಡಲು ಬರುತ್ತದೆ:

ಗಿಟ್ ಕ್ಲೋನ್ --ಫಿಲ್ಟರ್=ಬ್ಲಾಬ್:ನನ್ ರೆಪೊ-ವಿಳಾಸ

ಹೀಗೆ ಕೊಟ್ಟರೆ ಕಮಿಟ್‌ಗಳೂ ಟ್ರೀಗಳೂ ಪೂರ್ತಿ ಬರುತ್ತವೆ. ಬ್ಲಾಬ್‌ಗಳಲ್ಲಿ ಇವತ್ತಿನ ಫೈಲುಗಳಿಗೆ ಬೇಕಾದವು ಮಾತ್ರ. ಹಳೆಯದು ಬೇಕಾದಾಗ ಗಿಟ್ ತಾನೇ ಸರ್ವರಿನಿಂದ ತರಿಸಿಕೊಳ್ಳುತ್ತದೆ. ಲಾಗ್ ನೋಡುವುದು, ಬ್ರಾಂಚ್ ಮಾಡುವುದು, ಕಮಿಟ್ ಮಾಡುವುದು ಎಲ್ಲ ಮಾಮೂಲು. ಮನೆಯಿಂದ ಕೆಲಸ ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಎರಡು ತೊಡಕು ಮಾತ್ರ ಇವೆ. "ಬ್ಲೇಮ್" (ಯಾವ ಸಾಲು ಯಾರು ಬರೆದರು ಎಂದು ತೋರಿಸುವ ಕಮಾಂಡ್) ಕೊಟ್ಟಾಗ ಅಥವಾ ಲಾಗ್‌ನಲ್ಲಿ ಪ್ರತಿ ಬದಲಾವಣೆಯ ಪೂರ್ತಿ ಪಠ್ಯ ಕೇಳಿದಾಗ ಹಳೆಯ ಬ್ಲಾಬ್‌ಗಳು ಒಂದೊಂದಾಗಿ ಬರತೊಡಗುತ್ತವೆ. ನಿಧಾನದ ಲೈನಿನಲ್ಲಿ ಅದು ತಲೆನೋವು, ಲೈನು ಹೋದಾಗಲಂತೂ ಆಗುವುದೇ ಇಲ್ಲ. 2025ರ 2.49 ಆವೃತ್ತಿಯಲ್ಲಿ "ಗಿಟ್ ಬ್ಯಾಕ್‌ಫಿಲ್" ಎಂಬ ಕಮಾಂಡ್ ಪ್ರಾಯೋಗಿಕವಾಗಿ ಬಂದಿದೆ. ಬಿಟ್ಟುಹೋದ ಬ್ಲಾಬ್‌ಗಳನ್ನು ಅದು ಕಂತು ಕಂತಾಗಿ, ಒಟ್ಟೊಟ್ಟಿಗೆ ತರುತ್ತದೆ. ರಾತ್ರಿ ಹಚ್ಚಿಟ್ಟು ಮಲಗಬಹುದು. ಎರಡನೆಯ ತೊಡಕು ಸರ್ವರಿನದು. ದೊಡ್ಡ ಹೋಸ್ಟಿಂಗ್ ಸೇವೆಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್ ಫಿಲ್ಟರ್‌ಗೆ ಒಪ್ಪುತ್ತವೆ. ನಿಮ್ಮದೇ ಸರ್ವರ್ ಆಗಿದ್ದರೆ ಅಲ್ಲಿನ ರೆಪೊದಲ್ಲಿ ಅಪ್‌ಲೋಡ್‌ಪ್ಯಾಕ್.ಅಲೌಫಿಲ್ಟರ್ ಎಂಬುದನ್ನು ಟ್ರೂ ಮಾಡಿರಬೇಕು. ಇಲ್ಲದಿದ್ದರೆ ಒಂದು ಎಚ್ಚರಿಕೆ ಮಾತು ತೋರಿಸಿ ಪೂರ್ತಿ ಕ್ಲೋನ್ ಶುರು ಹಚ್ಚುತ್ತದೆ. ಆ ಸಾಲನ್ನು ಯಾರೂ ಓದುವುದಿಲ್ಲ.

ಇನ್ನು --ಡೆಪ್ತ್=1. ಯೂಟ್ಯೂಬ್ ಪಾಠಗಳಲ್ಲೆಲ್ಲ ಇದನ್ನೇ ಹೇಳಿಕೊಡುತ್ತಾರೆ. ಕೊನೆಯ ಒಂದು ಕಮಿಟ್ ಮಾತ್ರ ಬರುತ್ತದೆ, ಬೇಗ ಬರುತ್ತದೆ, ನಿಜ. ಕೋಡನ್ನು ತಾವಾಗಿಯೇ ಬಿಲ್ಡ್ ಮಾಡಿ ಎಸೆಯುವ ಸಿಐ ಯಂತ್ರಗಳಿಗೆ ಅದು ಸರಿ. ದಿನಾ ಕೆಲಸ ಮಾಡುವ ಲ್ಯಾಪ್‌ಟಾಪಿಗೆ ಬೇಡ. ಎರಡು ಬ್ರಾಂಚ್‌ಗಳು ಎಲ್ಲಿ ಕವಲೊಡೆದವು ಎಂದು ಗಿಟ್‌ಗೆ ಗೊತ್ತಾಗುವುದಿಲ್ಲ, ಅವನ್ನು ಕೂಡಿಸುವ ಮರ್ಜ್ ಅಡ್ಡಾದಿಡ್ಡಿ ಆಗುತ್ತದೆ, ಲಾಗ್ ಒಂದೇ ಸಾಲಿಗೆ ನಿಲ್ಲುತ್ತದೆ. ಈಗಾಗಲೇ ಹಾಗೆ ತಂದಿದ್ದರೆ "ಗಿಟ್ ಫೆಚ್ --ಅನ್‌ಶಾಲೊ" ಕೊಟ್ಟು ಉಳಿದದ್ದನ್ನು ತರಿಸಿಕೊಳ್ಳಬಹುದು. ಆದರೆ ಆಗ ಪೂರ್ತಿ ಭಾರವೇ ಬರುತ್ತದೆ. ಅದಕ್ಕಿಂತ ಬ್ಲಾಬ್ ಇಲ್ಲದ ಹೊಸ ಕ್ಲೋನ್ ಒಳ್ಳೆಯದು.

ಲೈನು ನಂಬುವಂತಿಲ್ಲದಿದ್ದರೆ ಬಂಡಲ್

ಜಗಳೂರು, ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಒಂದನ್ನೇ ನಂಬಿ ಕೂತವರಿಗೆ ಮೇಲಿನದೂ ಸಾಲದು. ಅವರಿಗೆ ಗಿಟ್‌ನ ಹಳೆಯ, ಬಹಳ ಮಂದಿ ಮರೆತ ಸೌಲಭ್ಯ ಬಂಡಲ್. ಇಡೀ ರೆಪೊವನ್ನು ಒಂದೇ ಫೈಲಾಗಿ ಕಟ್ಟುವುದು ಅದರ ಕೆಲಸ. ಬೆಂಗಳೂರಿನ ಆಫೀಸಿನಲ್ಲಿ ಪೂರ್ತಿ ಕ್ಲೋನ್ ಇರುವ ಯಂತ್ರದಲ್ಲಿ ಯಾರಾದರೂ ಹೀಗೆ ಮಾಡಲಿ:

ಗಿಟ್ ಬಂಡಲ್ ಕ್ರಿಯೇಟ್ ನಮ್ಮರೆಪೊ.ಬಂಡಲ್ --ಆಲ್

ಶುಕ್ರವಾರ ಸಂಜೆ ರೈಲಿಗೆ ಊರಿಗೆ ಬರುವ ಗೆಳೆಯನ ಕೈಯಲ್ಲಿ ಪೆನ್‌ಡ್ರೈವ್ ಕಳಿಸಿದರೆ ಸಾಕು. ಇಲ್ಲವೇ ಸಾಮಾನ್ಯ ವೆಬ್ ಸರ್ವರಿನಲ್ಲಿಟ್ಟರೆ ರೆಸ್ಯೂಮ್ ಇರುವ ಯಾವುದೇ ಡೌನ್‌ಲೋಡರಿನಿಂದ ತುಂಡು ತುಂಡಾಗಿ ಇಳಿಸಿಕೊಳ್ಳಬಹುದು. ಕರೆಂಟ್ ಹೋದರೆ ಹೋಗಲಿ, ಬಂದಮೇಲೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕರ್ನಲ್.ಆರ್ಗ್‌ನವರೂ ಲಿನಕ್ಸ್ ರೆಪೊಗೆ ಇಂಥ ಬಂಡಲ್ ಒದಗಿಸುತ್ತಾರೆ.

ಫೈಲು ಕೈಗೆ ಬಂದಮೇಲೆ ಆ ಬಂಡಲ್‌ನಿಂದಲೇ ಕ್ಲೋನ್ ಮಾಡಿ, ಬಳಿಕ "ಗಿಟ್ ರಿಮೋಟ್ ಸೆಟ್-ಯುಆರ್‌ಎಲ್ ಒರಿಜಿನ್" ಎಂದು ಕೊಟ್ಟು ಅಸಲಿ ಸರ್ವರಿನ ವಿಳಾಸ ಹಾಕಿ, ಒಮ್ಮೆ ಫೆಚ್ ಮಾಡಿ. ಬಂಡಲ್ ಕಟ್ಟಿದ ಮೇಲೆ ಆದ ಬದಲಾವಣೆಗಳು ಮಾತ್ರ ನೆಟ್‌ನಲ್ಲಿ ಬರುತ್ತವೆ, ಅದು ಕೆಲವು ಎಂಬಿ ಇರುತ್ತದೆ. ಕ್ಲೋನ್ ಆದರೂ ಫೈಲುಗಳು ಕಾಣದಿದ್ದರೆ -ಬಿ ಎಂದು ಬ್ರಾಂಚ್ ಹೆಸರು ಕೊಟ್ಟು ಮಾಡಿ. ಬ್ಲಾಬ್ ಇಲ್ಲದ ಕ್ಲೋನ್‌ನಿಂದ ಬಂಡಲ್ ಕಟ್ಟಲು ಹೋಗಬೇಡಿ, ಆ ಕ್ಲೋನ್‌ನಲ್ಲಿ ಹಳೆಯ ಸರಕೇ ಇರುವುದಿಲ್ಲ.

ಕಾಲೇಜು ಲ್ಯಾಬಿನ ಪಾಡು ಬೇರೆ. ಬಿಐಇಟಿ, ಯುಬಿಡಿಟಿಯಂಥ ಕಡೆ ಒಂದು ಬ್ಯಾಚಿನ 60 ಮಂದಿ ಒಟ್ಟಿಗೆ ಒಂದೇ ದೊಡ್ಡ ರೆಪೊ ಇಳಿಸಲು ಕೂತರೆ ಕ್ಯಾಂಪಸ್ಸಿನ ಲೈನು ಅಲ್ಲಿಗೇ ಮುಗಿಯಿತು. ಒಂದು ಯಂತ್ರದಲ್ಲಿ "ಗಿಟ್ ಕ್ಲೋನ್ --ಮಿರರ್" ಮಾಡಿ, ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ರಾತ್ರಿ "ಗಿಟ್ ರಿಮೋಟ್ ಅಪ್‌ಡೇಟ್" ಹಚ್ಚಿ, ಉಳಿದವರೆಲ್ಲ ಅದರಿಂದ ಲ್ಯಾನ್ ಮೇಲೆ ಕ್ಲೋನ್ ಮಾಡಲಿ. ಪುಶ್ ಮಾತ್ರ ಅಸಲಿ ಸರ್ವರಿಗೆ ಹೋಗಬೇಕಲ್ಲ, ಅದಕ್ಕೆ ಸೆಟ್-ಯುಆರ್‌ಎಲ್‌ಗೆ --ಪುಶ್ ಎಂದು ಸೇರಿಸಿ ಆ ವಿಳಾಸ ಬೇರೆಯಾಗಿ ಕೊಟ್ಟರಾಯಿತು: ತರುವುದು ಪಕ್ಕದ ಯಂತ್ರದಿಂದ, ಕಳಿಸುವುದು ಸರ್ವರಿಗೆ. ಲ್ಯಾನ್ ಮೇಲೆ ಹಂಚಲು "ಗಿಟ್ ಡೀಮನ್" ಸುಲಭ, ಆದರೆ ಅದಕ್ಕೆ ಪಾಸ್‌ವರ್ಡ್ ಗೀಸ್‌ವರ್ಡ್ ಇಲ್ಲ. ಲ್ಯಾಬಿನ ಆಚೆಗೆ ತೆರೆದಿಡಬೇಡಿ.

ಫೈಲುಗಳ ಸಂಖ್ಯೆಯೇ ಹೆಚ್ಚಿದ್ದರೆ

"ಸರ್, ಗಿಟ್ ಸ್ಟೇಟಸ್ ಕೊಟ್ಟು ಟೀ ಕುಡ್ಕೊಂಡು ಬರಬಹುದು" ಎಂದು ಯಾರಾದರೂ ಹೇಳಿದರೆ ಅದು ಇತಿಹಾಸದ ದೋಷವಲ್ಲ, ಹರವಿನ ದೋಷ. ಸ್ಟೇಟಸ್ ಕೊಟ್ಟಾಗಲೆಲ್ಲ ಗಿಟ್ ತನ್ನ ಇಂಡೆಕ್ಸಿನಲ್ಲಿರುವ ಪ್ರತಿ ಫೈಲಿನ ಬಳಿಗೂ ಹೋಗಿ "ನೀನು ಬದಲಾಗಿದ್ದೀಯಾ" ಎಂದು ಕೇಳಿ ಬರುತ್ತದೆ. ಮೂರು ಲಕ್ಷ ಫೈಲಿದ್ದರೆ ಮೂರು ಲಕ್ಷ ಸಲ. ವಿಂಡೋಸ್‌ನಲ್ಲಿ, ಅದರಲ್ಲೂ ಆ್ಯಂಟಿವೈರಸ್ ಕಾವಲಿದ್ದಾಗ, ಇದು ಇನ್ನೂ ನಿಧಾನ.

ಉಪಾಯ: ನಿಮಗೆ ಬೇಡದ ಫೋಲ್ಡರುಗಳನ್ನು ಡಿಸ್ಕಿನ ಮೇಲೆ ಹರಡಲೇಬೇಡಿ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರಿಗೆ ಧಾರಣೆ ತಿಳಿಸುವ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಸರ್ವರ್, ಆಂಡ್ರಾಯ್ಡ್, ವೆಬ್, ವರದಿ, ಹಂಚಿಕೆಯ ಲೈಬ್ರರಿ ಎಲ್ಲ ಒಂದೇ ರೆಪೊದಲ್ಲಿ. ಆಂಡ್ರಾಯ್ಡ್ ಮಾಡುವ ಹುಡುಗಿಗೆ ಎರಡು ಫೋಲ್ಡರ್ ಸಾಕು:

ಗಿಟ್ ಕ್ಲೋನ್ --ಫಿಲ್ಟರ್=ಬ್ಲಾಬ್:ನನ್ --ಸ್ಪಾರ್ಸ್ ರೆಪೊ-ವಿಳಾಸ
ಗಿಟ್ ಸ್ಪಾರ್ಸ್-ಚೆಕ್‌ಔಟ್ ಸೆಟ್ ಆಂಡ್ರಾಯ್ಡ್ ಹಂಚಿಕೆ

ಮೊದಲ ಕಮಾಂಡ್ ಮುಗಿದ ಮೇಲೆ ರೆಪೊದ ಫೋಲ್ಡರಿನೊಳಗೆ ಹೋಗಿ ಎರಡನೆಯದನ್ನು ಕೊಡಬೇಕು. ರೆಪೊದ ಬುಡದಲ್ಲಿರುವ ಬಿಡಿ ಫೈಲುಗಳು ಹೇಗೂ ಬರುತ್ತವೆ. ಇನ್ನೊಂದು ಫೋಲ್ಡರ್ ಬೇಕಾದರೆ "ಸೆಟ್" ಬದಲು "ಆ್ಯಡ್", ಎಲ್ಲವೂ ಬೇಕಾದರೆ "ಡಿಸೇಬಲ್". ಈ ಕಮಾಂಡ್ 2020ರ 2.25 ಆವೃತ್ತಿಯಿಂದ ಇದೆ. ಫೋಲ್ಡರ್ ಲೆಕ್ಕದಲ್ಲಿ ಕೆಲಸ ಮಾಡುವ "ಕೋನ್" ರೀತಿಯನ್ನೇ ಬಳಸಿ, ಹಳೆಯ ನಕ್ಷತ್ರ ಚಿಹ್ನೆಯ ರೀತಿ ನಿಧಾನ. ಫಿಲ್ಟರ್ ಮತ್ತು ಸ್ಪಾರ್ಸ್ ಜೊತೆ ಸೇರಿದಾಗ ಲಾಭ ದುಪ್ಪಟ್ಟು: ಬೇಡದ ಫೋಲ್ಡರಿನ ಇವತ್ತಿನ ಫೈಲುಗಳೂ ನೆಟ್‌ನಲ್ಲಿ ಬರುವುದಿಲ್ಲ.

ಬಿಲ್ಡ್ ವ್ಯವಸ್ಥೆ ಒಪ್ಪದಿದ್ದರೆ ಇದು ನಡೆಯದು. ಆಂಡ್ರಾಯ್ಡ್ ಬಿಲ್ಡ್ ಗುಟ್ಟಾಗಿ ವೆಬ್ ಫೋಲ್ಡರಿನ ಒಂದು ಕಾನ್ಫಿಗ್ ಫೈಲನ್ನು ಓದುತ್ತಿದ್ದರೆ ಈಗ ಬಯಲಾಗುತ್ತದೆ. ಬಯಲಾಗುವುದೂ ಒಳ್ಳೆಯದೇ.

ಹರವು ಕಡಿಮೆ ಮಾಡಲು ಆಗದವರಿಗೆ ವೇಗ ಹೆಚ್ಚಿಸುವ ಎರಡು ಸೆಟ್ಟಿಂಗ್: "ಗಿಟ್ ಕಾನ್ಫಿಗ್ ಫೀಚರ್.ಮೆನಿಫೈಲ್ಸ್ ಟ್ರೂ" ಮತ್ತು "ಗಿಟ್ ಕಾನ್ಫಿಗ್ ಕೋರ್.ಎಫ್ಎಸ್‌ಮಾನಿಟರ್ ಟ್ರೂ". ಎರಡನೆಯದು ವಿಂಡೋಸ್, ಮ್ಯಾಕ್‌ಗಳಲ್ಲಿ 2022ರಿಂದ ಗಿಟ್‌ನಲ್ಲೇ ಇದೆ. ಯಾವ ಫೈಲು ಬದಲಾಯಿತು ಎಂದು ಆಪರೇಟಿಂಗ್ ಸಿಸ್ಟಂನಿಂದಲೇ ಕೇಳಿ ತಿಳಿಯುತ್ತದೆ, ಮನೆಮನೆ ಸುತ್ತುವುದಿಲ್ಲ.

ಇವುಗಳಲ್ಲಿ ಬಹಳಷ್ಟು ಮೈಕ್ರೋಸಾಫ್ಟ್‌ನ ಪೇಚಾಟದಿಂದ ಹುಟ್ಟಿದವು. 2017ರಲ್ಲಿ ವಿಂಡೋಸ್‌ನ ಮೂಲ ಕೋಡನ್ನು ಅವರು ಗಿಟ್‌ಗೆ ತಂದಾಗ ಅದರಲ್ಲಿ ಸುಮಾರು 35 ಲಕ್ಷ ಫೈಲು, ಸುಮಾರು 300 ಜಿಬಿ. ಮಾಮೂಲು ಗಿಟ್ ಅಲ್ಲಿ ಏದುಸಿರು ಬಿಟ್ಟಿತು. ಅವರು ಮೊದಲು ಫೈಲ್ ಸಿಸ್ಟಂ ಮಟ್ಟದಲ್ಲೇ ಒಂದು ಕಣ್ಕಟ್ಟು ಮಾಡಿದರು, ಬಳಿಕ ಅದನ್ನು ಬಿಟ್ಟು ಗಿಟ್‌ನ ಒಳಗೇ ಸುಧಾರಣೆ ಮಾಡುತ್ತ ಬಂದರು. ಅದರ ಫಲ "ಸ್ಕೇಲಾರ್". 2022ರ 2.38ರಿಂದ ಗಿಟ್ ಜೊತೆಗೇ ಬರುತ್ತದೆ. "ಸ್ಕೇಲಾರ್ ಕ್ಲೋನ್" ಎಂದರೆ ಮೇಲೆ ಹೇಳಿದ ಫಿಲ್ಟರ್, ಸ್ಪಾರ್ಸ್, ಹಿನ್ನೆಲೆಯ ನಿರ್ವಹಣೆ ಎಲ್ಲ ಒಟ್ಟಿಗೆ ಹಚ್ಚಿಕೊಡುತ್ತದೆ. ಬಿಡಿಬಿಡಿಯಾಗಿ ನೆನಪಿಡಲು ಬೇಸರವಾದರೆ ಇದೊಂದೇ ಸಾಕು. ಕೋಡು "ಎಸ್‌ಆರ್‌ಸಿ" ಎಂಬ ಒಳಫೋಲ್ಡರಿನಲ್ಲಿ ಕೂರುತ್ತದೆ, ಗಾಬರಿ ಬೇಡ.

ದಪ್ಪ ಫೈಲುಗಳು

"ಸರ್, ಡಿಲೀಟ್ ಮಾಡಿ ಪುಶ್ ಮಾಡಿದೀನಿ, ಆದ್ರೂ ಸೈಜ್ ಕಮ್ಮಿ ಆಗಿಲ್ಲ." ಆಗುವುದೂ ಇಲ್ಲ. ಅಳಿಸಿದ್ದು ಇವತ್ತಿನ ಪಟ್ಟಿಯಿಂದ ಮಾತ್ರ. ನಿನ್ನೆಯ ಕಮಿಟ್ ಆ ಫೈಲನ್ನು ಇನ್ನೂ ಹಿಡಿದುಕೊಂಡೇ ಇದೆ, ಹಿಡಿದಿಡುವುದೇ ಗಿಟ್‌ನ ಕೆಲಸ.

ಕೋಡು ಎಷ್ಟು ಬೆಳೆದರೂ ಗಿಟ್ ಸಹಿಸುತ್ತದೆ, ಯಾಕೆಂದರೆ ಒಂದು ರೂಪಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಟ್ಟಿಡುತ್ತದೆ. ಜೆಪೆಗ್, ಎಂಪಿ4, ಜಿಪ್, ಎಪಿಕೆ ಮುಂತಾದವು ಮೊದಲೇ ಕುಗ್ಗಿಸಿದ ಫೈಲುಗಳು. ಒಂದು ಚುಕ್ಕೆ ಬದಲಿಸಿದರೂ ಒಳಗೆ ಬಹಳಷ್ಟು ಬದಲಾಗುತ್ತದೆ. ಹಾಗಾಗಿ 50 ಎಂಬಿಯ ಫೈಲನ್ನು ಇಪ್ಪತ್ತು ಸಲ ಬದಲಿಸಿದರೆ ಹತ್ತಿರ ಹತ್ತಿರ 1 ಜಿಬಿ ಹೋಯಿತು.

ಇಂಥವಕ್ಕೆ ಗಿಟ್ ಎಲ್‌ಎಫ್‌ಎಸ್, ದೊಡ್ಡ ಫೈಲುಗಳಿಗೆಂದೇ ಇರುವ ಜೋಡಣೆ. "ಗಿಟ್ ಎಲ್‌ಎಫ್‌ಎಸ್ ಟ್ರ್ಯಾಕ್" ಎಂದು ಫೈಲಿನ ಬಗೆ ಕೊಟ್ಟರೆ, ರೆಪೊದಲ್ಲಿ ಮೂರು ಸಾಲಿನ ಒಂದು ಚೀಟಿ ಮಾತ್ರ ಉಳಿದು ಅಸಲು ಫೈಲು ಬೇರೆ ಜಾಗಕ್ಕೆ ಹೋಗುತ್ತದೆ. ನಿಮಗೆ ಬೇಕಾದ ಆವೃತ್ತಿಯದು ಮಾತ್ರ ಇಳಿಯುತ್ತದೆ. ಅದರಿಂದ ಹುಟ್ಟುವ ಗಿಟ್‌ಆಟ್ರಿಬ್ಯೂಟ್ಸ್ ಫೈಲನ್ನೂ ಕಮಿಟ್ ಮಾಡುವುದನ್ನು ಮರೆಯಬಾರದು. ತಂಡದಲ್ಲಿ ಯಾರಾದರೂ ಎಲ್‌ಎಫ್‌ಎಸ್ ಹಾಕಿಕೊಳ್ಳದಿದ್ದರೆ ಅವರಿಗೆ ಚಿತ್ರದ ಬದಲು ಆ ಮೂರು ಸಾಲು ಕಾಣುತ್ತದೆ, "ಫೈಲು ಕೆಟ್ಟಿದೆ" ಎಂದು ಫೋನು ಬರುತ್ತದೆ. ಹಾಗೆಂದು ಎಲ್ಲವನ್ನೂ ಎಲ್‌ಎಫ್‌ಎಸ್‌ಗೆ ನೂಕುವುದನ್ನು ನಾನು ಒಪ್ಪುವುದಿಲ್ಲ. ಅದಕ್ಕೂ ಜಾಗದ ಮಿತಿ, ಬಿಲ್ಲು ಇರುತ್ತದೆ. ಮಾಡೆಲ್ ತರಬೇತಿಗೆಂದು ತೆಗೆದ ಅಡಿಕೆಯ ಸಾವಿರಾರು ಫೋಟೊಗಳಿಗೆ ರೆಪೊದಲ್ಲಿ ಜಾಗವೇ ಬೇಡ. ಕ್ಲೌಡ್ ಸಂಗ್ರಹದಲ್ಲಿಟ್ಟು ವಿಳಾಸ ಮಾತ್ರ ಕೋಡಿನಲ್ಲಿ ಬರೆಯಿರಿ.

ಈಗಾಗಲೇ ಇತಿಹಾಸ ಸೇರಿರುವುದನ್ನು ತೆಗೆಯಲು ಇತಿಹಾಸವನ್ನೇ ತಿದ್ದಬೇಕು. ಹೊಸದಾಗಿ ಮಾಡಿದ ಪೂರ್ತಿ ಕ್ಲೋನ್‌ನಲ್ಲಿ:

ಗಿಟ್ ಫಿಲ್ಟರ್-ರೆಪೊ --ಸ್ಟ್ರಿಪ್-ಬ್ಲಾಬ್ಸ್-ಬಿಗ್ಗರ್-ದ್ಯಾನ್ 20ಎಂ

ಇದಾದ ಮೇಲೆ ಆ ಫೈಲು ಬಂದುಹೋದ ಜಾಗದಿಂದ ಈಚಿನ ಎಲ್ಲ ಕಮಿಟ್‌ಗಳ ಗುರುತು ಬದಲಾಗುತ್ತದೆ. ತಂಡದ ಪ್ರತಿಯೊಬ್ಬರೂ ತಮ್ಮ ಕೆಲಸ ಪುಶ್ ಮಾಡಿ, ಹಳೆಯ ಕ್ಲೋನ್ ಬಿಸಾಕಿ, ಹೊಸದಾಗಿ ತೆಗೆದುಕೊಳ್ಳಬೇಕು. ಒಬ್ಬರು ಹಳೆಯ ಕ್ಲೋನ್‌ನಿಂದ ಮರ್ಜ್ ಮಾಡಿ ಪುಶ್ ಮಾಡಿದರೂ ತೆಗೆದ ಕಸ ಅಷ್ಟೂ ವಾಪಸ್. ಆದ್ದರಿಂದ ವಾಟ್ಸಾಪ್ ಗುಂಪಿನಲ್ಲಿ ದಿನ ಗೊತ್ತು ಮಾಡಿ, ಶನಿವಾರ ಮಧ್ಯಾಹ್ನದ ಮೇಲೆ ಮಾಡುವುದು ಲೇಸು. ಮಾಡುವ ಮುಂಚೆ ಮಿರರ್ ಕ್ಲೋನ್ ಒಂದನ್ನು ಬೇರೆ ಹಾರ್ಡ್‌ಡಿಸ್ಕಿನಲ್ಲಿ ಎತ್ತಿಡಿ. ಪಾಸ್‌ವರ್ಡ್ ಅಥವಾ ಎಪಿಐ ಕೀ ತೆಗೆಯಲು ಇದನ್ನು ಮಾಡುತ್ತಿದ್ದರೆ ಇತಿಹಾಸ ತಿದ್ದುವುದು ಆಮೇಲಿನ ಮಾತು, ಮೊದಲು ಆ ಕೀ ಬದಲಿಸಿ.

ಮುಂದೆ ಹೀಗಾಗದಂತೆ ಸರ್ವರಿನಲ್ಲೇ ಮಿತಿ ಇಡಬಹುದು. ಗಿಟ್‌ಹಬ್ 50 ಎಂಬಿ ದಾಟಿದರೆ ಎಚ್ಚರಿಸುತ್ತದೆ, 100 ಎಂಬಿ ದಾಟಿದರೆ ಒಳಗೇ ಬಿಡುವುದಿಲ್ಲ. ನಿಮ್ಮ ಸರ್ವರಿಗೆ ಪ್ರೀ-ರಿಸೀವ್ ಹುಕ್ (ಪುಶ್ ಒಪ್ಪುವ ಮುಂಚೆ ಓಡುವ ಸಣ್ಣ ಸ್ಕ್ರಿಪ್ಟ್) ಬರೆದು 5 ಎಂಬಿಗೇ ತಡೆಯಬಹುದು.

ದಿನದ ನಿರ್ವಹಣೆ

ಇದು ಚಿಕ್ಕದು. ರೆಪೊದೊಳಗೆ ಒಮ್ಮೆ "ಗಿಟ್ ಮೇಂಟೆನೆನ್ಸ್ ಸ್ಟಾರ್ಟ್" ಕೊಡಿ. ಗಂಟೆಗೊಮ್ಮೆ ಹೊಸ ಕಮಿಟ್‌ಗಳನ್ನು ಹಿನ್ನೆಲೆಯಲ್ಲಿ ತಂದಿಟ್ಟುಕೊಳ್ಳುತ್ತದೆ, ಇತಿಹಾಸ ಬೇಗ ಓದಲು ನೆರವಾಗುವ ಕಮಿಟ್-ಗ್ರಾಫ್ ನವೀಕರಿಸುತ್ತದೆ, ದಿನಕ್ಕೊಮ್ಮೆ ಬಿಡಿ ವಸ್ತುಗಳನ್ನು ಕಟ್ಟಿಡುತ್ತದೆ. ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ ಇಷ್ಟು ಜಿಬಿ ಎಂದು ಎಣಿಸಿ ಬಳಸುವವರು ಮಾತ್ರ ಇದನ್ನು ಹಚ್ಚುವ ಮುಂಚೆ ಯೋಚಿಸಲಿ. ರೆಪೊವನ್ನೆಲ್ಲ ಮತ್ತೆ ಬಿಗಿಯಾಗಿ ಕಟ್ಟುವ "ಜಿಸಿ --ಅಗ್ರೆಸಿವ್" ಅನ್ನು ವಾರಕ್ಕೊಮ್ಮೆ ಹೊಡೆಯುವ ಚಟ ಕೆಲವರಿಗಿದೆ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಮತ್ತೇನೂ ಇಲ್ಲ. ಸತ್ತ ಬ್ರಾಂಚ್‌ಗಳನ್ನು ಸರ್ವರಿನಲ್ಲಿ ಅಳಿಸಿದ ಮೇಲೆ, ನಿಮ್ಮ ಯಂತ್ರದಲ್ಲಿ ಉಳಿದ ಅವುಗಳ ಗುರುತು ತೆಗೆಯಲು "ಗಿಟ್ ಫೆಚ್ --ಪ್ರೂನ್".

ಸರ್ವರ್ ನೋಡಿಕೊಳ್ಳುವವರಿಗೆ ಒಂದು ಕುತೂಹಲದ ವಿಷಯ. ಗಿಟ್ ಪ್ಯಾಕ್ ಕಟ್ಟುವಾಗ ಯಾವ ಫೈಲನ್ನು ಯಾವುದರ ಜೊತೆ ಹೋಲಿಸಬೇಕೆಂದು ಆರಿಸಲು ಹಾದಿಯ ಹೆಸರಿನ ಕೊನೆಯ 16 ಅಕ್ಷರಗಳನ್ನಷ್ಟೇ ನೋಡುತ್ತಿತ್ತು. ನೂರಾರು ಫೋಲ್ಡರಿನಲ್ಲಿ ಒಂದೇ ಹೆಸರಿನ ಚೇಂಜ್‌ಲಾಗ್ ಫೈಲುಗಳಿದ್ದರೆ ಸಂಬಂಧವೇ ಇಲ್ಲದವನ್ನು ಹೋಲಿಸಿ ಕಟ್ಟುತ್ತಿತ್ತು. ಮೈಕ್ರೋಸಾಫ್ಟ್‌ನ ಒಂದು ಜಾವಾಸ್ಕ್ರಿಪ್ಟ್ ರೆಪೊ ಹೀಗೇ 178 ಜಿಬಿಗೆ ಉಬ್ಬಿತ್ತು. 2024ರಲ್ಲಿ ಕಾರಣ ಹುಡುಕಿ ಮತ್ತೆ ಕಟ್ಟಿದಾಗ 5 ಜಿಬಿಗೆ ಇಳಿಯಿತು, ಇತಿಹಾಸದ ಒಂದು ಸಾಲೂ ಕಳೆಯದೆ. 2.49ರಿಂದ ರೀಪ್ಯಾಕ್‌ಗೆ --ನೇಮ್-ಹ್ಯಾಶ್-ವರ್ಷನ್=2 ಎಂಬ ಆಯ್ಕೆ ಎಲ್ಲರಿಗೂ ಇದೆ. ನಿಮ್ಮ ರೆಪೊದಲ್ಲೂ ಒಂದೇ ಹೆಸರಿನ ಫೈಲುಗಳು ಎಲ್ಲ ಕಡೆ ಇದ್ದರೆ ಒಂದು ಪ್ರತಿಯ ಮೇಲೆ ಪ್ರಯತ್ನಿಸಿ, ಹಿಂದೆ ಮುಂದೆ ಸೈಜ್-ಪ್ಯಾಕ್ ನೋಡಿ.

ರೆಪೊ ಒಡೆಯಬೇಕೇ?

ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಹೇಳಿಯೇ ಹೇಳುತ್ತಾರೆ, ಇದನ್ನು ಐದು ರೆಪೊ ಮಾಡೋಣ ಅಂತ. ಅವಸರ ಬೇಡ. ಹಂಚಿಕೆಯ ಲೈಬ್ರರಿಯಲ್ಲಿ ಒಂದು ಬದಲಾವಣೆಗೆ ಐದು ಕಡೆ ಪುಲ್ ರಿಕ್ವೆಸ್ಟ್, ಐದು ಕಡೆ ಆವೃತ್ತಿ ಹೊಂದಿಸುವುದು, ಸಬ್‌ಮಾಡ್ಯೂಲ್‌ಗಳ (ಒಂದು ರೆಪೊದೊಳಗೆ ಜೋಡಿಸಿದ ಇನ್ನೊಂದು ರೆಪೊ) ಗೋಳು ಇವೆಲ್ಲ ಗಾತ್ರಕ್ಕಿಂತ ದೊಡ್ಡ ತೊಂದರೆ. ಒಟ್ಟಿಗೇ ಬದಲಾಗುವ ಕೋಡು ಒಟ್ಟಿಗೇ ಇರಲಿ. ಬೇರೆ ತಂಡ, ಬೇರೆ ಬಿಡುಗಡೆ ದಿನ, ಬೇರೆ ಅನುಮತಿ ಇರುವ ಭಾಗವಿದ್ದರೆ ಮಾತ್ರ ಒಡೆಯಿರಿ. ಆಗಲೂ ಫೋಲ್ಡರನ್ನು ಕಾಪಿ ಮಾಡಿ ಹೊಸ ರೆಪೊ ತೆರೆದರೆ ಹಳೆಯ ಇತಿಹಾಸವೆಲ್ಲ ಹೋಗುತ್ತದೆ. ಹೊಸ ಕ್ಲೋನ್‌ನಲ್ಲಿ "ಗಿಟ್ ಫಿಲ್ಟರ್-ರೆಪೊ --ಸಬ್‌ಡೈರೆಕ್ಟರಿ-ಫಿಲ್ಟರ್" ಎಂದು ಫೋಲ್ಡರ್ ಹೆಸರು ಕೊಡಿ, ಆ ಫೋಲ್ಡರಿನ ಕಮಿಟ್‌ಗಳಷ್ಟೇ ಉಳಿದು ಪ್ರತ್ಯೇಕ ರೆಪೊ ಆಗುತ್ತದೆ. ಆ ಫೋಲ್ಡರನ್ನು ಹಳೆಯ ರೆಪೊದಿಂದ ಮಾಮೂಲಿ ಕಮಿಟ್ ಮಾಡಿಯೇ ಅಳಿಸಿ, ಅಲ್ಲಿನ ಇತಿಹಾಸಕ್ಕೆ ಕೈ ಹಾಕುವ ಅಗತ್ಯವಿಲ್ಲ.